ಮಳಿ ಬರ್ಲತ್ತದ: ಫೋನಿಗೆ ತಿಳೀತದೇನ್ರಿ?

"ಮಳಿ ಬರ್ಲತ್ತದ, ಹೊಲಕ್ಕ ಹೋಗಬ್ಯಾಡ."

ಮೊಗುಡಂಪಲ್ಲಿ, ಜಹೀರಾಬಾದ್ ಕಡೆಯ ನಮ್ಮ ಕನ್ನಡ ಮಕ್ಕಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದನ್ನೇ ಫೋನಿನ ಮೈಕ್ ಒತ್ತಿ ಹೇಳಿದರೆ ಅದು ಏನು ಬರೆದೀತು? ಶಿಕ್ಷಕ ಬಂಧುಗಳೇ, ಈ ಸಲ ತರಗತಿಯಲ್ಲಿ ಇದನ್ನೇ ಪ್ರಯೋಗ ಮಾಡಿ ನೋಡೋಣ. ಒಂದು ಫೋನು, ಒಂದು ಕರಿಹಲಗೆ ಇದ್ದರೆ ಸಾಕು.

ಇದು ಬರೀ ಆಟ ಅಲ್ಲ. ಕೈಯಲ್ಲಿ ಬರೆಯಲಾಗದ ಮಗುವಿಗೆ ಮಾತು ಕೇಳಿ ಬರೆಯುವ ಯಂತ್ರವೇ ಪೆನ್ಸಿಲ್. ಕಣ್ಣು ಕಾಣದ ಮಗುವಿಗೆ ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶವೇ ಪುಸ್ತಕ. ಉಚಿತವಾಗಿ ಸಿಗುವ ಎನ್‌ವಿಡಿಎ ಅಂಥದ್ದೊಂದು ತಂತ್ರಾಂಶ, ಕನ್ನಡವನ್ನೂ ಓದುತ್ತದೆ. 2006ರಲ್ಲಿ ಅದನ್ನು ಆರಂಭಿಸಿದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅವರಿಗೂ ಕಣ್ಣು ಕಾಣದು.

ಯಂತ್ರ ನಮ್ಮ ಮಾತು ಕೇಳುವುದು ಹೇಗೆ? ದನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 16,000 ಸಲ ಅಳೆದು ಅಂಕಿಗಳಾಗಿ ಮಾಡಿಕೊಳ್ಳುತ್ತದೆ. ಮೊದಲು ಕೇಳಿ ಕಲಿತ ಮಾತುಗಳ ಆಧಾರದ ಮೇಲೆ, ಇದು ಯಾವ ಪದ ಇದ್ದೀತು ಎಂದು ಊಹಿಸುತ್ತದೆ. ಕಲಿತದ್ದರಲ್ಲಿ ನಮ್ಮ ಮಾತು ಕಡಿಮೆ ಇದ್ದರೆ ಊಹೆ ತಪ್ಪುತ್ತದೆ. 1956ರವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಗಡಿ ಬದಲಾದರೂ ಮನೆಮಾತು ಉಳಿಯಿತು. ಅದರಲ್ಲಿ ತೆಲುಗು, ಉರ್ದು ಪದಗಳೂ ಬೆರೆತಿವೆ. ಪುಸ್ತಕದ ಕನ್ನಡವನ್ನೇ ಹೆಚ್ಚು ಕಲಿತ ಯಂತ್ರ ಇಲ್ಲಿ ತಡವರಿಸುತ್ತದೆ.

ಈ ಕೊರತೆ ತುಂಬುವ ಕೆಲಸವೂ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ನೆರವಿನಿಂದ ಕೈಗೊಂಡ 'ವಾಣಿ' ಯೋಜನೆ, ದೇಶದ 773 ಜಿಲ್ಲೆಗಳ ಸುಮಾರು 10 ಲಕ್ಷ ಜನರ ದನಿ ಸಂಗ್ರಹಿಸುವ ಗುರಿ ಇಟ್ಟುಕೊಂಡಿದೆ. ಜನರಿಗೆ ಚಿತ್ರ ತೋರಿಸಿ, ಅದರ ಬಗ್ಗೆ ನಿಮ್ಮ ಮಾತಿನಲ್ಲೇ ಹೇಳ್ರಿ ಅಂತಾರೆ. ಹಾಗಾಗಿ ಸಿಗುವುದು ಓದಿದ ಕನ್ನಡವಲ್ಲ, ಆಡುವ ಕನ್ನಡ.

ಈಗ ಪ್ರಯೋಗ. ಮಗು ಹೇಳಿದ ವಾಕ್ಯವನ್ನು ಹಲಗೆಯ ಮೇಲೆ ಬರೆಯಿರಿ. ಅದರ ಕೆಳಗೆ ಫೋನು ಬರೆದದ್ದನ್ನು ಬರೆಯಿರಿ. ಬದಲಾದ, ಬಿಟ್ಟುಹೋದ, ಹೆಚ್ಚಾಗಿ ಸೇರಿದ ಪದಗಳನ್ನು ಕೂಡಿಸಿ, ಮಗು ಹೇಳಿದ ಪದಗಳ ಸಂಖ್ಯೆಯಿಂದ ಭಾಗಿಸಿ, 100ರಿಂದ ಗುಣಿಸಿರಿ. ಇದೇ ಶೇಕಡಾ ತಪ್ಪು.

ಫೋನು "ಮಳೆ ಬರುತ್ತಿದೆ, ಹೊಲಕ್ಕೆ ಹೋಗಬೇಕು" ಎಂದು ಬರೆಯಿತು ಅಂದುಕೊಳ್ಳಿ. ನಾಲ್ಕಕ್ಕೆ ನಾಲ್ಕೂ ಪದ ಬದಲಾದವು, ತಪ್ಪು ಶೇ. 100. ಆದರೆ ಮೊದಲ ಮೂರರಲ್ಲಿ ಅರ್ಥ ಕೆಟ್ಟಿಲ್ಲ. ಕೊನೆಯದೊಂದೇ ಪದ ಮಾತನ್ನೇ ತಿರುವಿಹಾಕಿತು! ಮೊದಲ ಮೂರು ಸರಿ ಇದ್ದು ಇದೊಂದೇ ತಪ್ಪಿದ್ದರೆ ಲೆಕ್ಕ ಶೇ. 25 ಮಾತ್ರ, ಅನಾಹುತ ಮಾತ್ರ ಅಷ್ಟೇ. ಎಷ್ಟು ತಪ್ಪಾಯಿತು, ಎಂಥ ತಪ್ಪಾಯಿತು ಎಂಬ ಎರಡು ಪ್ರಶ್ನೆಯನ್ನೂ ಮಕ್ಕಳು ಕೇಳಲಿ.

ಆದ್ದರಿಂದ ಯಂತ್ರದ ಜೊತೆ ಕೆಲಸಕ್ಕೆ ಮೂರು ಹೆಜ್ಜೆ ಕಲಿಸೋಣ: ಹೇಳು, ತಿರುಗಿ ಓದಿಸಿ ಕೇಳು, ತಿದ್ದು. ಯಂತ್ರವನ್ನೇ ನೆಚ್ಚಿ ಬರೆಯುವ ಮಗುವಿಗೆ ಎರಡನೆಯ ಹೆಜ್ಜೆ ತಪ್ಪಿದರೆ, ಗೊತ್ತಿರುವ ಉತ್ತರವೂ ತಪ್ಪಾಗಿ ದಾಖಲಾದೀತು.

ಒಂದು ಎಚ್ಚರಿಕೆ: ಆಡಿದ ಮಾತು ಇಂಟರ್‌ನೆಟ್ ಮೂಲಕ ದೂರದ ಕಂಪ್ಯೂಟರಿಗೆ ಹೋಗುವುದುಂಟು. ಮಕ್ಕಳ ಹೆಸರು, ವಿಳಾಸ ಹೇಳಿಸಬೇಡಿ.

ಫೋನಿಗೆ ತಿಳಿಯದಿದ್ದಾಗ "ಸರಿಯಾಗಿ ಮಾತಾಡು" ಅಂತ ಮಗುವಿಗೆ ಗದರಿಸಬೇಡ್ರಿ. ತಕ್ಕಡಿ ಕೆಟ್ಟರೆ ಜೋಳಕ್ಕೆ ಬಯ್ತೀವೇನು? ಅದು ಉಪಕರಣದ ದೋಷ ಎಂದು ವಿಜ್ಞಾನದ ವಹಿಯಲ್ಲಿ ಬರೆಸಿರಿ. ನಿಮ್ಮ ತರಗತಿಯ ಫಲಿತಾಂಶವನ್ನು ನಮಗೂ ಬರೆದು ಕಳಿಸಿರಿ.