ಬ್ರೌಸರಿನ ತಡೆ: ಕಾರಣಗಳೂ ಪರಿಹಾರಗಳೂ

ಹೊಲಮನೆಯ ಕಾಗದಪತ್ರಗಳ ವ್ಯವಹಾರವು ಈಗ ಬಹುಮಟ್ಟಿಗೆ ಗಣಕಯಂತ್ರದ ಮೂಲಕವೇ ನಡೆಯುತ್ತಿರುವುದು. ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯು 2000 ದ ಸುಮಾರಿಗೆ ಆರಂಭವಾಗಿ, ಬೆಳಗಾವಿ ಸೀಮೆಯವರು ಉತಾರವೆಂದು ಕರೆಯುವ ಪಹಣಿ ಪತ್ರಗಳನ್ನು ಕೈಬರಹದಿಂದ ಗಣಕಕ್ಕೆ ತಂದಿತು. ತರುವಾಯ ಒಕ್ಕಲಿಗರ ನೋಂದಣಿಗೆ ‘ಫ್ರೂಟ್ಸ್’, ಬೆಳೆವಿಮೆಗೆ ‘ಸಂರಕ್ಷಣೆ’ ಎಂಬ ತಾಣಗಳು ಬಂದವು. ಇವೆಲ್ಲಕ್ಕೂ ಬಾಗಿಲು ಒಂದೇ, ಅದು ಬ್ರೌಸರು. ಆ ಬಾಗಿಲು ಮುಚ್ಚಿಕೊಂಡರೆ ಒಳಗಿನ ಕೆಲಸವೆಲ್ಲ ನಿಂತಂತೆಯೇ ಸರಿ.

ಗೋಕಾಕ ಸೀಮೆಯ ಮೇಲವಂಕಿಯ ಒಕ್ಕಲಿಗನೊಬ್ಬನು ಗೋವಿನಜೋಳದ ವಿಮೆಯ ಕಂತು ಕಟ್ಟಲು ಕೊನೆಯ ದಿನ ಗಣಕದ ಮುಂದೆ ಕುಳಿತನೆಂದು ಭಾವಿಸೋಣ. ಉತಾರ ನೋಡುವ ಪುಟಕ್ಕೆ ಬದಲಾಗಿ ‘ನಿಮ್ಮ ಸಂಪರ್ಕವು ಸುರಕ್ಷಿತವಲ್ಲ’ ಎಂಬ ಎಚ್ಚರಿಕೆಯು ತೆರೆಯ ಮೇಲೆ ಬರುತ್ತದೆ. ಅವನು ‘ಸರ್ಕಾರದ ಯಂತ್ರವೇ ಕೆಟ್ಟಿದೆ’ ಎಂದು ಮನೆಗೆ ಮರಳಿದರೆ ವಿಮೆಯ ಅವಧಿ ಮೀರುವುದು. 2019 ರ ಆಗಸ್ಟಿನಲ್ಲಿ ಘಟಪ್ರಭೆಯ ಮಹಾಪೂರವನ್ನು ಕಂಡ ಈ ಸೀಮೆಯವರಿಗೆ ಅಂಥ ಒಂದು ದಿನದ ಬೆಲೆ ಎಷ್ಟೆಂಬುದನ್ನು ಹೇಳಬೇಕಾದುದಿಲ್ಲ. ಹಾಗೆಂದು ಎಚ್ಚರಿಕೆಯನ್ನು ಲೆಕ್ಕಿಸದೆ ಮುನ್ನುಗ್ಗಿದರೆ, ವಂಚಕರ ಕೈಗೆ ಆಧಾರ್ ಸಂಖ್ಯೆಯನ್ನೂ ಬ್ಯಾಂಕಿನ ಗುಟ್ಟನ್ನೂ ಒಪ್ಪಿಸಿದಂತಾಗಬಹುದು. ಆದಕಾರಣ ತಡೆಯ ಕಾರಣವನ್ನು ಮೊದಲು ಅರಿತುಕೊಳ್ಳತಕ್ಕದ್ದು.

ತಡೆ ಏಕೆ ಬರುತ್ತದೆ?

ಸಂತೆಯಲ್ಲಿ ತೂಕದ ಕಲ್ಲಿಗೆ ಸರ್ಕಾರದ ಮುದ್ರೆಯಿರಬೇಕು; ಗೊತ್ತಾದ ಅವಧಿಗೆ ಅದನ್ನು ಪುನಃ ಹಾಕಿಸಬೇಕು. ಅದರಂತೆಯೇ ಪ್ರತಿಯೊಂದು ಸುರಕ್ಷಿತ ತಾಣಕ್ಕೂ ಪ್ರಮಾಣಪತ್ರವೊಂದುಂಟು. ಅದರಲ್ಲಿ ತಾಣದ ಹೆಸರು, ಪತ್ರ ಕೊಟ್ಟ ಸಂಸ್ಥೆ, ಆರಂಭದ ದಿನ ಮತ್ತು ಮುಗಿಯುವ ದಿನ ಇರುತ್ತವೆ. ಬ್ರೌಸರು ಇವನ್ನು ಪರೀಕ್ಷಿಸಿ, ಒಂದು ತಪ್ಪಿದರೂ ತಡೆಯೊಡ್ಡುತ್ತದೆ. ಈ ಪತ್ರಗಳ ಅವಧಿಯು 398 ದಿನಗಳನ್ನು ಮೀರಬಾರದೆಂದು 2020 ರ ಸೆಪ್ಟೆಂಬರಿನಲ್ಲಿ ನಿಯಮವಾಯಿತು. ಅದನ್ನು ಹಂತಹಂತವಾಗಿ 2029 ರೊಳಗೆ 47 ದಿನಗಳಿಗೆ ಇಳಿಸಬೇಕೆಂದು 2025 ರಲ್ಲಿ ತೀರ್ಮಾನವಾಯಿತು.

ಕಾರಣಗಳು ಮತ್ತು ಪರಿಹಾರಗಳು

1. ಯಂತ್ರದ ಗಡಿಯಾರ ತಪ್ಪಿರುವುದು. ಗಣಕದೊಳಗೆ ನಾಣ್ಯದಾಕಾರದ ಸಣ್ಣ ಬ್ಯಾಟರಿಯೊಂದಿರುವುದು. ವಿದ್ಯುತ್ತು ಇಲ್ಲದಾಗಲೂ ದಿನಾಂಕವನ್ನು ಕಾಯುವುದು ಅದರ ಕೆಲಸ. ಅದು ಸತ್ತರೆ, ವಿದ್ಯುತ್ತು ಹೋಗಿ ಬಂದಾಗಲೆಲ್ಲ ಯಂತ್ರವು ಹಲವು ವರ್ಷ ಹಿಂದಿನ ದಿನಾಂಕವನ್ನು ತೋರಿಸುತ್ತದೆ. ಆಗ ಇಂದಿನ ಪ್ರಮಾಣಪತ್ರವು ‘ಇನ್ನೂ ಆರಂಭವಾಗಿಲ್ಲ’ವೆಂದು ಬ್ರೌಸರು ತಿಳಿಯುತ್ತದೆ. ದಿನಾಂಕವನ್ನೂ ವೇಳೆಯನ್ನೂ ಸರಿಪಡಿಸಿದೊಡನೆ ಪುಟ ತೆರೆಯುವುದು. ದೋಷ ಮರುಕಳಿಸಿದರೆ ಬ್ಯಾಟರಿಯನ್ನು ಬದಲಿಸತಕ್ಕದ್ದು. ಇದು ಅಲ್ಪ ವೆಚ್ಚದ ಕೆಲಸ. ತಡೆ ಬಂದಾಗ ಎಲ್ಲಕ್ಕಿಂತ ಮೊದಲು ನೋಡತಕ್ಕದ್ದು ಇದನ್ನೇ.

2. ತಾಣದ ಪ್ರಮಾಣಪತ್ರವೇ ಮುಗಿದಿರುವುದು. ಗಡಿಯಾರ ಸರಿಯಿದ್ದು, ಬೇರೆ ಊರಿನ ಯಂತ್ರದಲ್ಲಿಯೂ ಅದೇ ತಡೆ ಬಂದರೆ ದೋಷವು ತಾಣದ್ದು. ಇದಕ್ಕೆ ಬಳಸುವವರು ಮಾಡತಕ್ಕದ್ದೇನೂ ಇಲ್ಲ. ಸಂಬಂಧಪಟ್ಟ ಕಚೇರಿಗೆ ತಿಳಿಸಿ ಕಾಯಬೇಕು.

3. ಯಂತ್ರ ಹಳೆಯದಾಗಿರುವುದು. 2021 ರ ಸೆಪ್ಟೆಂಬರ್ 30 ರಂದು ಬಹು ತಾಣಗಳು ಅವಲಂಬಿಸಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ ತೀರಿದಾಗ, ಜಗತ್ತಿನ ಅನೇಕ ಹಳೆಯ ಯಂತ್ರಗಳು ಒಮ್ಮೆಗೇ ತಡೆ ತೋರಿದವು. ವಿಂಡೋಸ್ 7 ಇರುವ ಗಣಕಗಳಿಗೆ 2023 ರಿಂದ ಕ್ರೋಮಿನ ಹೊಸ ಆವೃತ್ತಿಗಳು ಬರುವುದು ನಿಂತಿದೆ. ಅಂಥ ಯಂತ್ರವನ್ನು ಸರ್ಕಾರಿ ಕೆಲಸಕ್ಕೆ ನೆಚ್ಚಬಾರದು.

4. ಜಾವಾ ತಡೆ. ಡಿಜಿಟಲ್ ಸಹಿ ಹಾಕುವ ಹಲವು ಹಳೆಯ ಪುಟಗಳು ಜಾವಾ ಎಂಬ ಸಾಧನವನ್ನು ಅವಲಂಬಿಸಿದ್ದವು. ನಂಬಲರ್ಹವಾದ ಸಹಿಯಿಲ್ಲದ ಜಾವಾ ಪುಟಗಳು 2014 ರಿಂದ ತಡೆಗೊಳಗಾದವು. ಕ್ರೋಮು 2015 ರಲ್ಲಿಯೂ ಫೈರ್‌ಫಾಕ್ಸು 2017 ರಲ್ಲಿಯೂ ಅದಕ್ಕೆ ಬಾಗಿಲನ್ನೇ ಮುಚ್ಚಿದವು. ಭದ್ರತೆಯ ಮಟ್ಟವನ್ನು ಇಳಿಸಿ ಅಂಥ ಪುಟ ತೆರೆಯುವ ಸಾಹಸ ಬೇಡ. ಆ ಕೆಲಸಕ್ಕೆ ಈಗ ಯಾವ ಹೊಸ ಕ್ರಮವುಂಟೆಂದು ಕಚೇರಿಯಲ್ಲಿ ಕೇಳಬೇಕು.

5. ಹೊಸ ಕಿಟಕಿಗೆ ತಡೆ. ಉತಾರದ ಪ್ರತಿಯೋ ಹಣ ತುಂಬಿದ ರಸೀದಿಯೋ ಬೇರೆ ಕಿಟಕಿಯಲ್ಲಿ ತೆರೆಯುವಂತಿದ್ದರೆ, ಬ್ರೌಸರು ಅದನ್ನು ಜಾಹೀರಾತೆಂದು ಬಗೆದು ತಡೆಯಬಹುದು. ವಿಳಾಸದ ಸಾಲಿನ ಕೊನೆಯಲ್ಲಿ ಕಾಣುವ ಸಣ್ಣ ಗುರುತನ್ನು ಒತ್ತಿ, ಆ ಒಂದು ತಾಣಕ್ಕೆ ಮಾತ್ರ ಅನುಮತಿ ಕೊಡಬೇಕು. ರಸೀದಿ ಕಾಣಲಿಲ್ಲವೆಂದು ಹಣವನ್ನು ಎರಡನೆಯ ಸಲ ತುಂಬಬಾರದು. ಮೊದಲು ಬ್ಯಾಂಕಿನ ಲೆಕ್ಕ ನೋಡತಕ್ಕದ್ದು.

6. ಬೆರಳಚ್ಚಿನ ಯಂತ್ರ ಕಾಣದಿರುವುದು. ಗಣಕಕ್ಕೆ ಜೋಡಿಸಿದ ಸಾಧನದೊಡನೆ ಪುಟವು ಮಾತನಾಡಬೇಕಾದರೆ ಬ್ರೌಸರಿನ ಅನುಮತಿ ಬೇಕಾಗಬಹುದು. ಆ ಪ್ರಶ್ನೆಗೆ ಹಿಂದೊಮ್ಮೆ ‘ಬೇಡ’ವೆಂದು ಒತ್ತಿದ್ದರೆ, ತಾಣದ ಅನುಮತಿಗಳ ಪಟ್ಟಿಯಲ್ಲಿ ಅದನ್ನು ತಿದ್ದಬೇಕು.

ತಡೆಯನ್ನು ದಾಟಬಹುದೇ?

ಎಚ್ಚರಿಕೆಯ ಕೆಳಗೆ ‘ಆದರೂ ಮುಂದುವರಿ’ ಎಂಬ ದಾರಿಯೂ ಒಮ್ಮೊಮ್ಮೆ ಇರುತ್ತದೆ. ಗುಪ್ತಪದ, ಆಧಾರ್ ಅಥವಾ ಹಣದ ಸಂಬಂಧವಿರುವ ಪುಟದಲ್ಲಿ ಅದನ್ನು ಎಂದಿಗೂ ಹಿಡಿಯಬಾರದು. ಎಚ್ಚರಿಕೆ ಬಾರದಿದ್ದ ಮಾತ್ರಕ್ಕೆ ತಾಣವು ಸಾಚಾ ಎಂದೂ ತಿಳಿಯಬಾರದು. ಪ್ರಮಾಣಪತ್ರವು ಮಾತುಕತೆ ಗುಟ್ಟಾಗಿದೆಯೆಂದು ಸಾರುವುದೇ ಹೊರತು ಎದುರಿನವನು ಸತ್ಯವಂತನೆಂದಲ್ಲ; ವಂಚಕರೂ ಅದನ್ನು ಪಡೆಯಬಲ್ಲರು. ಆದುದರಿಂದ ವಿಳಾಸವನ್ನು ಅಕ್ಷರಶಃ ಓದಬೇಕು. ಕರ್ನಾಟಕ ಸರ್ಕಾರದ ಈ ತಾಣಗಳ ಹೆಸರು ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಎಂದು ಮುಗಿಯುತ್ತದೆ. ಆ ಪದಗಳು ಹೆಸರಿನ ನಡುವೆ ಬಂದು ಕೊನೆಯಲ್ಲಿ ಬೇರೇನೋ ಇದ್ದರೆ ಅದು ಮೋಸವೆಂದೇ ತಿಳಿಯಬೇಕು. ಹಣ ಕಳೆದುಕೊಂಡವರು ಒಡನೆಯೇ 1930 ಎಂಬ ಸಂಖ್ಯೆಗೆ ಕರೆಮಾಡತಕ್ಕದ್ದು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಂಭವ ಹೆಚ್ಚು.

ಊರ ಹಿರಿಯರ ಕರ್ತವ್ಯ

ಊರಿನ ಗೌಡರೂ ದೊಡ್ಡ ಜಮೀನುದಾರರೂ ಈ ವಿಷಯದಲ್ಲಿ ಮುಂದಾಳುಗಳಾಗಬೇಕು. ಪಂಚಾಯಿತಿಯ ಗಣಕದ ದಿನಾಂಕವನ್ನು ವಾರಕ್ಕೊಮ್ಮೆ ನೋಡಿಸುವುದು, ಸರಿಯಾದ ವಿಳಾಸಗಳನ್ನು ಚಾವಡಿಯ ಗೋಡೆಗೆ ಬರೆದು ಅಂಟಿಸುವುದು, ಅರ್ಜಿಗಳನ್ನು ಕೊನೆಯ ದಿನಕ್ಕೆ ಎಂಟು ದಿನ ಮುಂಚೆಯೇ ಮುಗಿಸುವಂತೆ ಸಾರಿಸುವುದು ಇವು ಮುಖ್ಯವಾದವು. ತಡೆ ಬಂದಾಗ ತೆರೆಯ ಚಿತ್ರವನ್ನು ದಿನಾಂಕ ಮತ್ತು ವೇಳೆಯೊಡನೆ ತೆಗೆದಿಟ್ಟುಕೊಂಡು, ಅದೇ ದಿನ ರೈತ ಸಂಪರ್ಕ ಕೇಂದ್ರಕ್ಕೆ ಬರಹದಲ್ಲಿ ತಿಳಿಸಬೇಕು. ಬಿತ್ತನೆಗೆ ಮುಂಚೆ ಕೂರಿಗೆಯನ್ನು ಪರೀಕ್ಷಿಸುವ ಒಕ್ಕಲಿಗನು ಅರ್ಜಿಯ ಕಾಲಕ್ಕೆ ಮುಂಚೆ ಈ ಯಂತ್ರವನ್ನೂ ಪರೀಕ್ಷಿಸಿಕೊಂಡರೆ ಹಂಗಾಮಿನ ಹಾನಿಯೊಂದು ತಪ್ಪುವುದು.