ಸಾತಳ್ಳಿಯ ದೊಡ್ಡಸ್ವಾಮಿಯವರು

ಹಾಸನದ ಸೀಮೆಯಲ್ಲಿ ಸಾತಳ್ಳಿ ಎಂಬುದೊಂದು ಊರುಂಟು. ಇಲ್ಲಿಯ ಬೇಸಾಯವೂ ಮಾತೂ ನೆರೆಹಳ್ಳಿಗಳಂತೆಯೇ. ಆದರೆ ಒಕ್ಕಲುಗಳಲ್ಲಿ ಬಹುಮಂದಿ ರೋಮನ್ ಕ್ಯಾಥೊಲಿಕ್ ಕ್ರೈಸ್ತರು. ಅವರನ್ನು ಇಲ್ಲಿ ನೆಲೆಗೊಳಿಸಿದವರು ಫ್ರಾನ್ಸ್ ದೇಶದ ಪಾದ್ರಿ ಆಬೆ ದುಬಾಯ್. ನಮ್ಮ ಜನರು ಅವರನ್ನು 'ದೊಡ್ಡಸ್ವಾಮಿಯವರು' ಎಂದು ಕರೆದರು.

ಮೈಸೂರು ಸೀಮೆಗೆ ಕ್ರೈಸ್ತಮತವು ದುಬಾಯ್‌ರಿಂದ ಬಂದುದಲ್ಲ. 1648ರಷ್ಟು ಹಿಂದೆಯೇ ಲಿಯೊನಾರ್ದೊ ಚಿನ್ನಾಮಿ ಎಂಬ ಜೆಸ್ವಿತ ಪಾದ್ರಿಯು ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡವನ್ನು ಕಲಿತು ಬೋಧಿಸಿದ್ದನು. ಆದರೆ ಟಿಪ್ಪುಸುಲ್ತಾನನ ಕಾಲದಲ್ಲಿ ಈ ಸಣ್ಣ ಸಮಾಜವು ಚದುರಿತು. 1784ರಲ್ಲಿ ಮಂಗಳೂರಿನ ಕಡೆಯ ಕ್ರೈಸ್ತರೂ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದರು. ಅನೇಕರು ಬಲಾತ್ಕಾರದಿಂದ ಮತಾಂತರ ಹೊಂದಿದರು. 1799ರಲ್ಲಿ ಪಟ್ಟಣವು ಬಿದ್ದ ತರುವಾಯ ಬಂದ ದುಬಾಯ್‌ರವರ ಮುಂದಿದ್ದುದು ಈ ಒಡೆದ ಮನೆ.

ಅವರು ಬಿಳಿಯ ಪಾಗು ಸುತ್ತಿ, ಈ ದೇಶದವರಂತೆಯೇ ಉಟ್ಟು ಉಂಡು, ಹಳ್ಳಿಹಳ್ಳಿ ತಿರುಗಿದರು. ಶ್ರೀರಂಗಪಟ್ಟಣದ ದೇವಾಲಯವೊಂದು ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಆದರೆ ಬರಿಯ ದೇವಾಲಯದಿಂದ ಹೊಟ್ಟೆ ತುಂಬೀತೆ? ನೆಲವಿಲ್ಲದವರಿಗೆ ನೆಲ ಬೇಕೆಂದು ಅವರು ಬೇಸಾಯದ ಊರುಗಳನ್ನು ಕಟ್ಟಿದರು. ಅವುಗಳಲ್ಲಿ ಸಾತಳ್ಳಿಯೇ ಮುಖ್ಯವಾದುದು. ಸಿಡುಬಿಗೆ ದೇವಿ ಹಾಕುವ ವಿದ್ಯೆಯು ಆಗ ಹೊಸದು, ಜನರಿಗೆ ಅದರ ಭಯವೂ ಹೆಚ್ಚು. ಆದರೂ 1803-04ರಲ್ಲಿ ಅವರು 25,432 ಮಂದಿಗೆ ದೇವಿ ಹಾಕಿಸಿದರು.

ಸಾತಳ್ಳಿಯ ಕ್ರೈಸ್ತರು ತಮ್ಮ ಹಿಂದಿನ ಕುಲವನ್ನೂ ಅನೇಕ ಆಚಾರಗಳನ್ನೂ ಬಿಡಲಿಲ್ಲವೆಂದು ಹಳೆಯ ಗ್ಯಾಸೆಟಿಯರುಗಳು ಹೇಳುತ್ತವೆ. ಇದನ್ನು ಕೆಲವರು ಕೊರತೆಯೆಂದೆಣಿಸಬಹುದು. ನೆರೆಹೊರೆಯೊಡನೆ ಬಾಳಬೇಕಾದವರಿಗೆ ಬೇರೆ ದಾರಿ ಯಾವುದಿತ್ತೋ ನಮಗೆ ತೋರದು.

ಆಶ್ಚರ್ಯವೇನೆಂದರೆ, ದುಬಾಯ್‌ರವರು ತಮ್ಮ ಕೆಲಸವನ್ನು ತಾವೇ ನಿಷ್ಫಲವೆಂದು ತಿಳಿದರು. ಇಪ್ಪತ್ತೈದು ವರ್ಷಗಳಲ್ಲಿ ತಾವು ಹೊಸದಾಗಿ ಮತಕ್ಕೆ ಸೇರಿಸಿದವರು ಇನ್ನೂರು ಮುನ್ನೂರು ಮಂದಿ, ಅವರಲ್ಲಿಯೂ ಬಹುಮಂದಿ ದಿಕ್ಕಿಲ್ಲದವರು ಎಂದು ಲೆಕ್ಕ ಹಾಕಿ, ಹಿಂದೂದೇಶದಲ್ಲಿ ಕ್ರೈಸ್ತಮತಕ್ಕೆ ಇನ್ನು ಆಸೆಯಿಲ್ಲವೆಂದು ಬರೆದರು. ಆ ಪತ್ರಗಳು 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಅವರು ನಮ್ಮ ದೇಶವನ್ನು ಬಿಟ್ಟುದೂ ಅದೇ ವರ್ಷ. ಸೇರಿಸಿದವರನ್ನು ಎಣಿಸಿದರೇ ಹೊರತು, ಚದುರಿದವರನ್ನು ಕೂಡಿಸಿ ಉಳಿಸಿದುದನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲವೆಂದು ತೋರುತ್ತದೆ.

ಮುಂದೆ ಸಾತಳ್ಳಿಯು ಸುತ್ತಣ ಹಲವು ಕ್ರೈಸ್ತಹಳ್ಳಿಗಳಿಗೆ ಮುಖ್ಯಸ್ಥಾನವಾಯಿತು. ದೊಡ್ಡಸ್ವಾಮಿಯವರು ಇತ್ತ ಮತ್ತೆ ಬರಲಿಲ್ಲ. 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು.