ಕೊಯಮತ್ತೂರಿನಲ್ಲಿ ಹಿಟ್ಟು ಹುಡುಕಿದ ಕಥೆ

ಪರಸ್ಥಳದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಊರಿನಿಂದ ನೆಂಟರು ಬರುವುದೆಂದರೆ ಹಬ್ಬ; ಜೊತೆಗೇ ಒಂದು ಪರೀಕ್ಷೆಯೂ ಹೌದು. ಮಕ್ಕಳ ಕನ್ನಡ ಎಷ್ಟು ಉಳಿದಿದೆ, ದೇವರ ಮನೆಯಲ್ಲಿ ಏನು ನಡೆದಿದೆ, ಅಡುಗೆಮನೆಯಲ್ಲಿ ಏನು ಬೇಯುತ್ತಿದೆ ಎಂಬುದನ್ನು ಬಂದವರು ಬಾಯಿ ಬಿಟ್ಟು ಕೇಳದಿದ್ದರೂ ಒಮ್ಮೆ ಕಣ್ಣು ಹಾಯಿಸಿ ತಿಳಿದುಕೊಳ್ಳುತ್ತಾರೆ. 2024ರ ಬೇಸಿಗೆಯಲ್ಲಿ ನಮ್ಮ ಮನೆಗೂ ಇಂಥ ಪರೀಕ್ಷೆ ಬಂದಿತು. ಮೊದಲ ದಿನವೇ ನಾವು ಅದರಲ್ಲಿ ಸೋತೆವು.

ಕೊಳ್ಳೇಗಾಲದ ನಮ್ಮ ಸೋದರತ್ತೆ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಕೊಯಮತ್ತೂರಿಗೆ ಬಂದಿದ್ದರು. ವಯಸ್ಸು 76. ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ಸತ್ಯಮಂಗಲದ ಮೇಲೆ ಬಂದ ಆಯಾಸವಿದ್ದರೂ ಅವರ ಮಾತಿನ ಚುರುಕು ತಗ್ಗಿರಲಿಲ್ಲ. “ನಾನೇನು ಪರದೇಶಕ್ಕೆ ಬಂದಿಲ್ಲ ಕನಪ್ಪ. ನಾನು ಹುಟ್ಟಿದ್ದೇ ಕೊಯಮತ್ತೂರು ಜಿಲ್ಲೇಲಿ” ಎಂದು ನಮ್ಮ ಮಕ್ಕಳನ್ನು ಬೆರಗುಗೊಳಿಸಿದರು. ಮಾತು ಸುಳ್ಳಲ್ಲ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯದೇ ಆಗಿತ್ತು. ಗಡಿ ದಾಟಿದವರು ಅತ್ತೆಯಲ್ಲ, ಅತ್ತೆಯ ಊರು!

ಕೈಕಾಲು ತೊಳೆದು ಕುಳಿತ ಅತ್ತೆ ಕೇಳಿದ್ದು ಒಂದೇ ಮಾತು: “ಮಧ್ಯಾಹ್ನಕ್ಕೆ ಹಿಟ್ಟು ತಾನೆ?” ನಮ್ಮ ಸೀಮೆಯಲ್ಲಿ ಹಿಟ್ಟು ಎಂದರೆ ಡಬ್ಬಿಯಲ್ಲಿರುವ ಪುಡಿಯಲ್ಲ, ತಟ್ಟೆಯಲ್ಲಿ ಹೊಗೆಯಾಡುವ ರಾಗಿಮುದ್ದೆ. ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ತಾಯಿ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಮುದ್ದೆ ಕಟ್ಟಿದವರಿಲ್ಲ. ಮನೆ ಬದಲಾಯಿಸುವಾಗ ಮುದ್ದೆಯ ಕೋಲು ಎಲ್ಲಿ ಹೋಯಿತೋ ಯಾರೂ ಹುಡುಕಿರಲಿಲ್ಲ. “ಇಷ್ಟು ದೊಡ್ಡ ಊರು ಅತ್ತೆ, ಸಿಗದೆ ಇರುತ್ತದೆಯೇ? ಹೋಟೆಲಿನಿಂದ ತರಿಸೋಣ” ಎಂದು ನಾಲಗೆ ಹೊರಳಿಸಿದೆವು. ಅಂದು ಆರಂಭವಾದ ಹುಡುಕಾಟ ಮೂರು ವಾರ ನಡೆಯಿತು.

ಹೆಸರಿಗೆ ಬರವಿಲ್ಲ

ಕೊಯಮತ್ತೂರಿನ ಹೋಟೆಲುಗಳಲ್ಲಿ ಮೈಸೂರಿನ ಹೆಸರಿಗೆ ಬರವಿಲ್ಲ. ಸಂಜೆಯ ತಿಂಡಿಗೆ ಮೈಸೂರು ಬೋಂಡ, ಊಟದ ಎಲೆಗೆ ಮೈಸೂರು ರಸಂ, ಕಾವಲಿಯ ಮೇಲೆ ಮೈಸೂರು ಮಸಾಲೆ ದೋಸೆ. ತೆಂಗಿನ ಚೂರು, ಮೆಣಸಿನ ಕಾಳು ಹಾಕಿದ ಆ ಉದ್ದಿನ ಬೋಂಡವನ್ನು ಕಂಡು ಅತ್ತೆ, “ಮೈಸೂರಲ್ಲಿ ಇದಕ್ಕೆ ಮೈಸೂರಿನ ಹೆಸರು ಕೇಳಿಲ್ವಲ್ಲ” ಎಂದು ನಕ್ಕರು. ಊರು ಬಿಟ್ಟ ಮೇಲೆಯೇ ತಿಂಡಿಗೆ ಊರಿನ ಹೆಸರು ಅಂಟುವುದು!

ಮೈಸೂರು ಪಾಕದ ಕಥೆಯೂ ಇಂಥದೇ. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ಬಾಣಸಿಗ ಕಾಕಾಸುರ ಮಾದಪ್ಪನವರ ಕೈಯಲ್ಲಿ ಅದು ಹುಟ್ಟಿತೆಂದು ಹೇಳುತ್ತಾರೆ. ಕೊಯಮತ್ತೂರಿನಲ್ಲಿ 1948ರಲ್ಲಿ ಮಹಾದೇವ ಅಯ್ಯರ್ ಅವರು ಆರಂಭಿಸಿದ ಶ್ರೀ ಕೃಷ್ಣ ಸ್ವೀಟ್ಸ್ ಅದನ್ನು ತುಪ್ಪದಲ್ಲಿ ಮೃದುಗೊಳಿಸಿ ‘ಮೈಸೂರ್‌ಪಾ’ ಎಂದು ಮನೆಮಾತಾಗಿಸಿತು. ಗೂಡುಗೂಡಾಗಿ ಗರಿಗರಿಯಾಗಿರುವ ಹಳೆಯ ಪಾಕ ಒಂದು ಬಗೆ, ನಾಲಗೆಯ ಮೇಲೆ ಕರಗುವ ಇದು ಇನ್ನೊಂದು ಬಗೆ. ಅತ್ತೆ ಎರಡು ತುಂಡು ತಿಂದು ಮೂರನೆಯದಕ್ಕೂ ಕೈ ಚಾಚಿದರು. “ಇದು ಬೇರೆ, ಅದು ಬೇರೆ. ಎರಡೂ ಚೆನ್ನಾಗವೆ” ಎಂಬುದು ಅವರ ತೀರ್ಪು. ರುಚಿಯ ವಿಷಯದಲ್ಲಿ ಅವರಿಗೆ ಮಡಿವಂತಿಕೆಯಿರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು.

ಮೈಸೂರಿನ ಹೆಸರು ಹೀಗೆ ಎಲ್ಲೆಲ್ಲೂ ಇದೆ, ಮೈಸೂರು ಸೀಮೆಯ ಮುದ್ದೆ ಮಾತ್ರ ಇಲ್ಲ. ಕನ್ನಡದವರ ಹೋಟೆಲಿನಲ್ಲಾದರೂ ಸಿಕ್ಕೀತೆಂದು ಉಡುಪಿಯ ಬೋರ್ಡುಗಳ ಕಡೆ ತಿರುಗಿದೆವು. ಅದೂ ನಮ್ಮ ತಪ್ಪೆಣಿಕೆಯೇ. ಕೃಷ್ಣರಾಯರು ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದ 1930ರ ದಶಕದಿಂದಲೂ ತಮಿಳುನಾಡಿನಲ್ಲಿ ಕನ್ನಡಿಗರ ಹೋಟೆಲೆಂದರೆ ಉಡುಪಿಯ ಹೋಟೆಲು. ಅದು ಕರಾವಳಿಯ ಮಠದ ಅಡುಗೆಯಿಂದ ಬೆಳೆದದ್ದು. ಈರುಳ್ಳಿ ಬೆಳ್ಳುಳ್ಳಿಗಳನ್ನು ಹೊರಗಿಟ್ಟ ಮಡಿಯ ಪರಂಪರೆ. ಬೆಳ್ಳುಳ್ಳಿಯ ಒಗ್ಗರಣೆಯಿಲ್ಲದೆ ಹುಟ್ಟದ ಬಸ್ಸಾರನ್ನು ಅಲ್ಲಿ ಕೇಳುವುದು ಕಡಲಿನಲ್ಲಿ ಮಾವಿನಕಾಯಿ ಹುಡುಕಿದಂತೆ.

ಒಂದು ಹೋಟೆಲಿನಲ್ಲಿ ಅತ್ತೆ ಕನ್ನಡದಲ್ಲೇ “ಸಾರು ಇದ್ಯಾ?” ಎಂದು ಕೇಳಿದರು. ಬಡಿಸುವ ಹುಡುಗ ಕಕ್ಕಾಬಿಕ್ಕಿಯಾಗಿ “ಎಂದ ಸಾರು, ಕರುಂಬುಚ್ಚಾರಾ?” ಎಂದ. ತಮಿಳಿನಲ್ಲಿ ಸಾರೆಂದರೆ ಹಿಂಡಿದ ರಸ. ಪಾಪ, ಅವನು ಕಬ್ಬಿನ ಹಾಲಿನ ಅಂಗಡಿ ತೋರಿಸಲು ಸಿದ್ಧನಾಗಿದ್ದ.

ಪೊಟ್ಟಣದಲ್ಲಿ ಬಂದ ಮುದ್ದೆ

2023ನೆಯ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ರಾಗಿ, ಸಜ್ಜೆ, ನವಣೆಗಳಿಗೆ ಪಟ್ಟಣಗಳಲ್ಲಿ ಹೊಸ ಗೌರವ ಬಂದಿದೆ. ಕೊಯಮತ್ತೂರಿಗೆ ಈ ಧಾನ್ಯಗಳೇನೂ ಹೊಸವಲ್ಲ. ಇಲ್ಲಿನ ಕೃಷಿ ಸಂಸ್ಥೆಯಲ್ಲಿ ಸಿರಿಧಾನ್ಯಗಳ ತಳಿ ಸಂಶೋಧನೆ 1923ರಲ್ಲೇ ಆರಂಭವಾಗಿತ್ತು. ಆ ಹೊಸ ಗೌರವದ ಫಲವಾಗಿ ‘ರಾಗಿ ಬಾಲ್’ ಎಂಬ ಹೆಸರಿನಲ್ಲಿ ಮುದ್ದೆ ಮಾರುವ ಒಂದು ಹೋಟೆಲು ನಮಗೆ ಸಿಕ್ಕಿತು. ಸಂತೋಷದಿಂದ ತರಿಸಿದೆವು.

ಪೊಟ್ಟಣ ಬಿಚ್ಚಿದಾಗ ಇದ್ದದ್ದು ತಣ್ಣಗಾಗಿ ಬಿಗಿದುಕೊಂಡ ನಾಲ್ಕು ಉಂಡೆಗಳು, ಜೊತೆಗೆ ಸಾಂಬಾರು. ಅತ್ತೆ ಒಂದು ಚೂರು ಮುರಿದು ಬೆರಳಲ್ಲಿ ಹಿಸುಕಿದರು. “ಬೆಂದಿಲ್ಲ. ಗಂಟೂ ಅದೆ. ಹಿಟ್ಟನ್ನ ನುಂಗಬೇಕು ಕನಪ್ಪ, ಇದನ್ನ ಅಗಿಯಬೇಕಾಯ್ತದೆ” ಎಂದು ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಅನ್ನ ಬಡಿಸಿಕೊಂಡರು. ಬೈದಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲ.

ಹೋಟೆಲಿನವರನ್ನು ದೂರಿ ಫಲವಿಲ್ಲ. ಮುದ್ದೆ ಒಲೆಯಿಂದ ಇಳಿದ ಕೆಲವು ನಿಮಿಷಗಳಲ್ಲಿ ಊಟವಾಗಬೇಕಾದ ಪದಾರ್ಥ, ಕಾದಷ್ಟೂ ಕೆಡುತ್ತದೆ. ಮಂಡ್ಯ, ಬೆಂಗಳೂರುಗಳಲ್ಲಿ ಮುದ್ದೆಯ ಹೋಟೆಲುಗಳು ನಡೆಯುವುದು ಪಂಕ್ತಿಯ ಮೇಲೆ ಪಂಕ್ತಿ ಕುಳಿತು ಬಿಸಿಬಿಸಿಯಾಗಿ ನುಂಗುವ ಜನ ಇರುವುದರಿಂದ. ಗಿರಾಕಿಯ ಗಂಟಲಿಗೆ ಗುರುತಿಲ್ಲದ ಊಟವನ್ನು ಯಾವ ಬಾಣಸಿಗ ತಾನೆ ಸರಿಯಾಗಿ ಮಾಡಿಯಾನು?

ಎಲ್ಲರ ಹುಡುಕಾಟ

ಊರು ಬಿಟ್ಟವರ ಈ ಹಂಬಲ ನಮ್ಮದೊಂದೇ ಅಲ್ಲ. ಅಮೆರಿಕದ ದಕ್ಷಿಣಕ್ಕಿರುವ ಲೂಯಿಸಿಯಾನದ ಕ್ರಿಯೋಲ್ ಮತ್ತು ಕೇಜನ್ ಜನ ದೊಡ್ಡ ನಗರಗಳಿಗೆ ಹೋದಾಗ ತಮ್ಮ ‘ಗಂಬೋ’ ಎಂಬ ಸಾರನ್ನು ಹೀಗೆಯೇ ಹುಡುಕುತ್ತಾರೆ. ಗೋಧಿಹಿಟ್ಟನ್ನು ಜಿಡ್ಡಿನಲ್ಲಿ ಕಂದು ಬಣ್ಣಕ್ಕೆ ತಿರುಗುವವರೆಗೆ ತಾಳ್ಮೆಯಿಂದ ಹುರಿದು, ಬೆಂಡೆಕಾಯಿಯಿಂದಲೋ ಸಾಸಾಫ್ರಾಸ್ ಎಂಬ ಮರದ ಎಲೆಯ ಪುಡಿಯಿಂದಲೋ ಮಂದಗೊಳಿಸಿ, ಅನ್ನದ ಮೇಲೆ ಬಡಿಸುವ ಸಾರು ಅದು. ಹೋಟೆಲಿನವರು ಆ ಹುರಿಯುವ ತಾಳ್ಮೆಯನ್ನು ಬಿಟ್ಟರೆ ಹೆಸರಷ್ಟೇ ಉಳಿಯುತ್ತದೆ. ಗಂಬೋ ಎಂಬುದು ಬೆಂಡೆಕಾಯಿಗೆ ಇದ್ದ ಆಫ್ರಿಕದ ಹೆಸರು. ಗುಲಾಮರಾಗಿ ಸಾಗಿಸಲ್ಪಟ್ಟವರು ಎಲ್ಲವನ್ನೂ ಕಳೆದುಕೊಂಡರೂ ಆ ಒಂದು ಮಾತನ್ನು ಪಾತ್ರೆಯಲ್ಲಿ ಉಳಿಸಿಕೊಂಡರು.

ನಮ್ಮ ರಾಗಿಯ ತವರೂ ಆಫ್ರಿಕದ ಎತ್ತರದ ಪ್ರದೇಶವೇ. ಸಾವಿರಾರು ವರ್ಷಗಳ ಹಿಂದೆ ಬಂದು ನಮ್ಮದಾಯಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ತಳಿಗಳನ್ನು ಕೂಡಿಸಿ ‘ಇಂಡಾಫ್’ ರಾಗಿಯನ್ನು ರೂಪಿಸಿದಾಗ ಹಳೆಯ ನೆಂಟಸ್ತಿಕೆ ಹೊಸದಾಯಿತು. ಕನಕದಾಸರ ‘ರಾಮಧಾನ್ಯ ಚರಿತ್ರೆ’ಯಲ್ಲಿ ಅಕ್ಕಿಯೊಡನೆ ವಾದಿಸಿ ಶ್ರೀರಾಮನ ಮನ್ನಣೆ ಪಡೆದ ಧಾನ್ಯವೂ ಇದೇ ಅಲ್ಲವೇ!

ತಳ್ಳುಗಾಡಿ ಮತ್ತು ಮಗ್ಗದ ಮನೆ

ಶಸ್ತ್ರಚಿಕಿತ್ಸೆಯ ನಂತರ ವೈದ್ಯರು ತಿರುಗಾಡಲು ಒಪ್ಪಿಗೆ ಕೊಟ್ಟ ಮೇಲೆ, ಬನಿಯನ್ ಕಂಪನಿಯಲ್ಲಿ ಕೆಲಸದಲ್ಲಿರುವ ತಮ್ಮ ಮೊಮ್ಮಗನನ್ನು ನೋಡಲು ಅತ್ತೆ ತಿರುಪ್ಪೂರಿಗೆ ಹೊರಟರು. ನಾವೂ ಜೊತೆಗಿದ್ದೆವು. ಉರಿಬಿಸಿಲು. ರಸ್ತೆಯ ಬದಿಯ ತಳ್ಳುಗಾಡಿಯಲ್ಲಿ ಮಡಕೆಯಿಂದ ಕೂಳು ತೆಗೆದು ಕೊಡುತ್ತಿದ್ದರು. ರಾಗಿಯದು, ಸಜ್ಜೆಯದು, ಮಜ್ಜಿಗೆ ಬೆರೆಸಿದ್ದು. ನಂಜಿಕೊಳ್ಳಲು ಸಣ್ಣ ಈರುಳ್ಳಿ ಮತ್ತು ಕರಿದ ಮಜ್ಜಿಗೆ ಮೆಣಸಿನಕಾಯಿ. ಅತ್ತೆ ಒಂದು ಗುಟುಕು ಕುಡಿದು ಕಣ್ಣರಳಿಸಿದರು. “ಇದು ನಮ್ಮ ಅಂಬಲಿ!” ದೊಡ್ಡ ಹೋಟೆಲುಗಳಲ್ಲಿ ಸಿಗದ ಮನೆಯ ರುಚಿ ಬೀದಿಯಲ್ಲಿ ದುಡಿಯುವವರ ಲೋಟದಲ್ಲಿತ್ತು.

ಅಂದಿನಿಂದ ನಾವು ಮಾತುಗಳಿಗೆ ಕಿವಿಗೊಡತೊಡಗಿದೆವು. ತಮಿಳುನಾಡಿನ ಬೇರೆ ಕಡೆ ಪೋಳಿಯೆನಿಸುವುದು ಈ ಕೊಂಗು ಸೀಮೆಯಲ್ಲಿ ‘ಒಪ್ಪುಟ್ಟು’, ನಮ್ಮ ಒಬ್ಬಟ್ಟೇ. ಅದಿರಸಕ್ಕೆ ಇಲ್ಲಿ ‘ಕಚ್ಚಾಯಂ’, ನಮ್ಮ ಕಜ್ಜಾಯವೇ. ತೆಂಗಿನ ಹಾಲಿನೊಡನೆ ತಿನ್ನುವ ‘ಸಂದಗೈ’ ನಮ್ಮ ಒತ್ತುಶ್ಯಾವಿಗೆಯ ಒಡಹುಟ್ಟು. ಹುರುಳಿಯ ರಸ, ಕಡೆದ ಸೊಪ್ಪು ಎರಡು ಕಡೆಯೂ ನಿತ್ಯದ ಅಡುಗೆ. 1799ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೆ ಮೈಸೂರಿಗೆ ಸೇರಿದ್ದ ನಾಡಿದು. ಒಲೆಗಳು ಗಡಿಯನ್ನು ಕೇಳಿ ಉರಿದವಲ್ಲ. ವಿಷಾದವೆಂದರೆ ತಮಿಳು ನೆರೆಯವರು ಒಪ್ಪುಟ್ಟು ಎನ್ನುತ್ತಿರುವಾಗ, ನಮ್ಮ ಮನೆಯ ಮಕ್ಕಳು ಅಂಗಡಿಯ ಬೋರ್ಡು ಓದಿ ಅದನ್ನು ಪೋಳಿ ಎನ್ನಲು ಕಲಿತಿದ್ದರು.

ಮಗಳಿಗೆಂದು ಸೀರೆ ಕೊಳ್ಳಲು ಅತ್ತೆಯನ್ನು ನೆಗಮಂಗೆ ಕರೆದೊಯ್ದದ್ದು ಕೊನೆಯ ವಾರ. 2023ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಹತ್ತಿಸೀರೆಯ ಊರದು. ಮಗ್ಗದ ಮನೆಯೊಂದರಲ್ಲಿ ಅಜ್ಜಿಯೊಬ್ಬರು ಸೊಸೆಯೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದರು. ದೇವಾಂಗದವರು. ತಲೆಮಾರುಗಳಿಂದ ಇಲ್ಲಿಯವರು. ಕನ್ನಡದ ಅಕ್ಷರ ಒಂದೂ ಬಾರದು, ಮಾತು ಮಾತ್ರ ಬಾಯಲ್ಲಿದೆ. ಅತ್ತೆ ಸೀರೆಯನ್ನು ಮರೆತು, “ನಿಮ್ಮನೇಲಿ ಹಿಟ್ಟು ಮಾಡ್ತೀರಾ?” ಎಂದರು. “ಮಾಡದೆ?” ಎಂದ ಆ ಅಜ್ಜಿ ಎದ್ದು ಒಳಗೆ ಹೋದರು. ಬೇಡವೆಂದರೂ ಕೇಳಲಿಲ್ಲ.

ಇಬ್ಬರು ಮುದುಕಿಯರೂ ಒಲೆಯ ಮುಂದೆ ಕೂಡಿದರು. ಕಾಳು, ಸೊಪ್ಪು ಒಟ್ಟಿಗೆ ಬೆಂದವು. ಕಟ್ಟನ್ನು ಬಸಿದುಕೊಂಡರು, ಬಸಿದ ಸಾರೇ ಬಸ್ಸಾರು. ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಒಣಮೆಣಸಿನಕಾಯಿಗಳನ್ನು ಹುರಿದು, ತೆಂಗಿನತುರಿ, ಹುಣಸೆಹಣ್ಣು ಮತ್ತು ಒಂದು ಹಿಡಿ ಬೆಂದ ಕಾಳಿನೊಡನೆ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದರು. ಉಳಿದ ಕಾಳುಸೊಪ್ಪಿಗೆ ಒಗ್ಗರಣೆ ಬಿದ್ದು ಪಲ್ಯವಾಯಿತು. ಇನ್ನೊಂದು ಒಲೆಯಲ್ಲಿ, ಒಂದು ಲೋಟ ಹಿಟ್ಟಿಗೆ ಎರಡು ಲೋಟದ ಲೆಕ್ಕದಲ್ಲಿ ನೀರು. ಚಿಟಿಕೆ ಹಿಟ್ಟನ್ನು ಕದಡಿ ಎಸರಿಗೆ ಹಾಕಿ, ಕುದಿ ಬಂದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ತೂತು ಮಾಡಿ, ಕಲಕದೆ ಬೇಯಲು ಬಿಟ್ಟರು. “ಇಲ್ಲೇ ಎಲ್ಲರೂ ಅವಸರ ಮಾಡೋದು” ಎಂದರು ಅತ್ತೆ. ಆಮೇಲೆ ಪಾತ್ರೆಯನ್ನು ಭದ್ರವಾಗಿ ಹಿಡಿದು ಗಂಟಿಲ್ಲದಂತೆ ತೊಳಸಿ, ಮುಚ್ಚಿ ಮತ್ತೆ ಬೇಯಿಸಿ, ಒದ್ದೆ ಕೈಯಲ್ಲಿ ಉಂಡೆ ಕಟ್ಟಿದರು.

ಎಳೆಯ ಸೊಸೆ “ಕಳಿ ರೆಡಿ” ಎಂದು ಮಕ್ಕಳನ್ನು ಕರೆದಳು. ಅಜ್ಜಿ ಒಳಗಿನಿಂದಲೇ “ಹಿಟ್ಟು ಅನ್ನಮ್ಮ” ಎಂದು ತಿದ್ದಿದರು. ಅವರು ಕೋಪಗೊಂಡಿರಲಿಲ್ಲ. ಆ ಮನೆಯಲ್ಲಿ ಆ ಮಾತನ್ನು ತಿದ್ದುವವರು ಅವರೊಬ್ಬರೇ ಎಂಬುದು ನಮಗೆ ಆಗ ಹೊಳೆಯಿತು. ನಮ್ಮ ಮನೆಯಲ್ಲಿ ಅವರೂ ಇಲ್ಲ.

ಅತ್ತೆ ಅಂದು ಎರಡು ಮುದ್ದೆ ಉಂಡರು. ದಾರಿಯಲ್ಲಿ, “ಇಷ್ಟು ದಿನ ಹೋಟ್ಲು ಹೋಟ್ಲು ಅಂತ ಸುತ್ತಿದ್ರಲ್ಲ, ಒಂದು ಕೋಲು ತಂದಿದ್ರೆ ನಾನೇ ಕಲಿಸ್ತಿದ್ನಲ್ಲ” ಎಂದರು. ಉತ್ತರ ಕೊಡಲು ನಮ್ಮಲ್ಲಿ ಮಾತಿರಲಿಲ್ಲ. ಮರುದಿನ ಬೆಳಿಗ್ಗೆ ಪೇಟೆಗೆ ಹೋಗಿ ಕೋಲು ಕೊಂಡು ತಂದೆವು. ಅವರು ಹೊರಡಲು ನಾಲ್ಕು ದಿನ ಉಳಿದಿತ್ತು. ಮೊದಲ ದಿನ ಗಂಟು, ಎರಡನೆಯ ದಿನ ಅರೆಬೇಯ್ದದ್ದು, ಮೂರನೆಯ ದಿನ ತಳ ಹತ್ತಿತು. ನಾಲ್ಕನೆಯ ದಿನ ನಮ್ಮ ಮಗಳು ಕಟ್ಟಿದ ಮುದ್ದೆಯನ್ನು ಅತ್ತೆ ಮುರಿದು, ಬಸ್ಸಾರಿನಲ್ಲಿ ಅದ್ದಿ ನುಂಗಿದರು. ಹೊಗಳಲಿಲ್ಲ. “ಇನ್ನೊಂದು ಅರ್ಧ ಹಾಕು” ಎಂದರು.

ಈಗ ಭಾನುವಾರಗಳಂದು ನಮ್ಮ ಮನೆಯಲ್ಲಿ ಹಿಟ್ಟು. ಕೊಯಮತ್ತೂರು, ತಿರುಪ್ಪೂರು, ಪೊಳ್ಳಾಚಿ, ಪಲ್ಲಡಂಗಳ ಓದುಗರ ಮನೆಗಳಲ್ಲಿ ಬಸ್ಸಾರನ್ನೂ ಉಪ್ಪುಸಾರನ್ನೂ ಹಳೆಯ ಹೆಸರಿನಿಂದಲೇ ಕರೆಯುವ ಹಿರಿಯರು ಇನ್ನೂ ಇದ್ದಾರು. ಅವರು ಮಾಡುವ ಬಗೆಯನ್ನು, ಅವರದೇ ಮಾತಿನಲ್ಲಿ, ಮನೆಯ ಮಕ್ಕಳಿಂದ ಬರೆಯಿಸಿ ಇಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಅಳತೆ ತಪ್ಪಿದರೆ ಚಿಂತೆಯಿಲ್ಲ. ಅದನ್ನು ಕೋಲು ಹಿಡಿದವರು ಸರಿಮಾಡಿಕೊಳ್ಳುತ್ತಾರೆ.